ಅತ್ತೆ ಹೊಲಿದ ಯೂನಿಫಾರಂ

ಇಂದು ಫ್ಯಾಷನ್ ಡಿಸೈನ್ ತರಗತಿಯಲ್ಲಿ ಒದ್ದೆ ಬಟ್ಟೆಗೆ ಇಸ್ತ್ರಿ ತಾಗಿ ಎದ್ದ ವಾಸನೆ ನನ್ನನ್ನು ಸರಗೂರಿನ ಅತ್ತೆಯ ಮನೆಗೆ ಒಯ್ದಿತು. ಅತ್ತೆ ಊರಿನವರ ರವಿಕೆಗಳನ್ನು ಹೊಲಿದು, ನೀರು ಚಿಮುಕಿಸಿ ಇಸ್ತ್ರಿ ಮಾಡಿ ಕೊಡುತ್ತಿದ್ದರು.

ಹುಟ್ಟಿನಿಂದಲೇ ನನ್ನ ಎಡಭುಜ ತುಸು ಇಳಿದಿತ್ತು. ಹುಡುಗಿಯರು ನಗುತ್ತಾರೆಂದು ಶಾಲೆಯಲ್ಲಿ ವೇಲನ್ನೆಲ್ಲ ಅದೇ ಭುಜದ ಮೇಲೆ ಗುಡ್ಡೆ ಹಾಕಿಕೊಳ್ಳುತ್ತಿದ್ದೆ. ಅತ್ತೆ ಅದನ್ನು ಗಮನಿಸಿದ್ದರು. ಹೊಸ ಯೂನಿಫಾರಂ ಹೊಲಿಯುವಾಗ ಎಡಭುಜದ ಒಳಗೆ ಬಟ್ಟೆಯ ಮಡಿಕೆಗಳನ್ನಿಟ್ಟರು. ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿದರು. ಎರಡೂ ಭುಜ ಸಮವಾಗಿದ್ದವು.

"ಅತ್ತೆ, ಯಾರ್ಗೂ ಗೊತ್ತಾಗಲ್ವಾ?"

"ನಂಗೂ ನಿಂಗೂ ಗೊತ್ತಲ್ಲ, ಸಾಕು ಕಣವ್ವ. ನೆಟ್ಟಗೆ ನಡ್ಕೊಂಡು ಓಗು."

ಬಸ್‌ಸ್ಟ್ಯಾಂಡಿನವರೆಗೂ ತಲೆಯೆತ್ತಿ ನಡೆದೆ. ಆ ಮಡಿಕೆಗಳ ವಿಷಯವನ್ನು ಅತ್ತೆ ಅಮ್ಮನಿಗೂ ಹೇಳಲಿಲ್ಲ.

ಈ ವಾರ ನಾವು ಮೊದಲ ರವಿಕೆ ಕತ್ತರಿಸಬೇಕು. ಯಾರ ಅಳತೆ ತಂದಿದ್ದೀಯೆಂದು ಮೇಡಂ ಕೇಳಿದರು.

"ನಮ್ಮತ್ತೇದು" ಎಂದೆ.