ಗೆರೆಯಿಲ್ಲದ ಗಾಜು

ಮದುವೆಯಾಗಿ ಎರಡು ವರ್ಷ ಕಳೆದರೂ ತವರಿಗೆ ಹೋಗಬೇಕೆಂದರೆ ನಾನು ಇನ್ನೊಬ್ಬರ ಬಿಡುವಿಗೆ ಕಾಯಬೇಕಿತ್ತು. ನಮ್ಮ ತೋಟ ಮೂಡಿಗೆರೆ ಕಡೆ, ಅಮ್ಮ ಇದ್ದದ್ದು ಕಳಸದ ಹತ್ತಿರ. ನಮ್ಮ ಯಜಮಾನರಿಗೋ ಕಾಫಿ ಕೊಯ್ಲು ಮುಗಿದರೆ ಕಾಳುಮೆಣಸು, ಮೆಣಸು ಮುಗಿದರೆ ಔಷಧಿ ಹೊಡೆಸುವುದು. ಬಸ್ಸಿಗೆ ಹೋಗಬಹುದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಹಟವೇ ಬೇರೆ. ಕಾಫಿ ಒಣಗಿಸುವ ಕಣದಲ್ಲಿ ಸುತ್ತು ಹೊಡೆದು ಕಾರು ಕಲಿತಿದ್ದೆ, ಚಿಕ್ಕಮಗಳೂರಿಗೆ ಹೋಗಿ ಲೈಸೆನ್ಸೂ ಮಾಡಿಸಿಕೊಂಡಿದ್ದೆ. ಮಳೆ ಹಿಡಿಯುವ ಮೊದಲು ನಾನೇ ಓಡಿಸಿಕೊಂಡು ಹೋಗಿ ಅಮ್ಮನ ಅಂಗಳದಲ್ಲಿ ಕಾರು ನಿಲ್ಲಿಸಬೇಕಿತ್ತು.

ಕೀಲಿ ಮಾತ್ರ ಮಾವನ ಜೇಬಿನಲ್ಲಿ.

ಕೇಳಿದೆ. "ಮೊದ್ಲು ಗಾಜು ಒರ್ಸಿ ತೋರ್ಸಮ್ಮಾ. ಒಂದು ಗೆರೆ ಕಾಣ್ಬಾರ್ದು. ಘಾಟೀಲಿ ಬಿಸ್ಲು ಎದ್ರಿಗೆ ಬಂದಾಗ ಆ ಗೆರೆಗಳೇ ಕಣ್ಣಿಗೆ ಅಡ್ಡ ಬರೋದು. ನಿನ್ ಗಂಡಂಗೂ ಇದನ್ನೇ ಹೇಳಿದ್ದೆ" ಎಂದರು. ಗಾಜು ತಾನೇ, ಅದೇನು ಮಹಾ ಎಂದುಕೊಂಡೆ.

ಕಾರು ನಿಂತಿದ್ದು ತೋಟದ ಅಂಚಿನಲ್ಲಿ, ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಹಿಂದಿನ ದಿನವಷ್ಟೇ ಕಾಫಿ ಗಿಡಗಳಿಗೆ ಮೈಲುತುತ್ತ ಮತ್ತು ಸುಣ್ಣದ ಔಷಧಿ ಹೊಡೆದಿದ್ದರು. ಅದು ಗಾಳಿಗೆ ಹಾರಿ ಬಂದು ಗಾಜಿನ ತುಂಬ ಚುಕ್ಕಿಚುಕ್ಕಿಯಾಗಿ ಒಣಗಿತ್ತು. ಸೋಪಿನ ನೀರು ಹಾಕಿ ಬಲವಾಗಿ ತಿಕ್ಕಿದೆ. ಗಾಜಿಗೆ ಮಜ್ಜಿಗೆ ಬಳಿದ ಹಾಗಾಯಿತು. ಮಾವ ಡ್ರೈವರ್ ಸೀಟಿನಲ್ಲಿ ಕೂತು, ಬಿಸಿಲಿಗೆ ಮುಖ ಮಾಡಿ, ಒಂದೊಂದೇ ಗೆರೆಯನ್ನು ಬೆರಳಿಟ್ಟು ತೋರಿಸಿದರು.

"ಎಂತ ಮಾರಾಯ್ತಿ, ರಂಗೋಲಿ ಹಾಕಿದೀಯಾ?"

ಮೈಯೆಲ್ಲ ಉರಿದುಹೋಯಿತು. ಮರುದಿನ ಹೊಸ ಟವೆಲ್ಲಿನಲ್ಲಿ ಒರೆಸಿದೆ, ನೂಲಿನ ಎಳೆಗಳೆಲ್ಲ ಗಾಜಿಗೆ ಅಂಟಿದವು. ಮೂರನೇ ದಿನ ನಡುಬಿಸಿಲಲ್ಲಿ ತೊಳೆದೆ, ಬಟ್ಟೆ ಮುಟ್ಟಿಸುವ ಮೊದಲೇ ನೀರು ಆರಿ ಕಲೆಯಾಯಿತು. ನೆರಳಿಗೆ ತಂದು ತೊಳೆಯೋಣವೆಂದರೆ ಕೀಲಿಯೇ ಇಲ್ಲವಲ್ಲ. ಸಿಟ್ಟಿಗೆ ಬಕೆಟ್ಟನ್ನು ಒದ್ದೆ. ನೋವಾದದ್ದು ನನ್ನ ಕಾಲಿಗೇ.

ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಅತ್ತೆಗೆ ಕನಿಕರ ಬಂತು. "ಅದು ಸುಣ್ಣ ಕಣೆ. ಸೋಪಿಗೆ ಎಲ್ಲಿ ಬಗ್ಗುತ್ತೆ? ಹುಳಿ ಹಾಕು" ಎಂದು ಹಿತ್ತಿಲಿನಿಂದ ಎರಡು ಹೇರಳೆಹಣ್ಣು ಕಿತ್ತು ತಂದುಕೊಟ್ಟರು.

ನಾಲ್ಕನೇ ದಿನ ಬಿಸಿಲು ಬೀಳುವ ಮೊದಲೇ ಶುರು ಮಾಡಿದೆ. ಹೇರಳೆಯ ರಸವನ್ನು ನೀರಿಗೆ ಹಿಂಡಿ ಹಚ್ಚಿದ್ದೇ ತಡ, ಬಿಳಿ ಚುಕ್ಕಿಗಳು ಕರಗಿದವು. ಅಂಟು ಉಳಿಯದಂತೆ ಎರಡು ಸಲ ಬರೀ ನೀರು ಹಾಕಿ ತೊಳೆದೆ. ಮಾವನದೇ ಸವೆದ ಪಂಚೆಯ ತುಂಡಿನಲ್ಲಿ ತೇವ ತೆಗೆದು, ಹಳೆಯ ಪೇಪರ್ ಮುದುರಿ ಉಜ್ಜಿದೆ. ಹೊರಗೆ ಅಡ್ಡಡ್ಡ, ಒಳಗೆ ಉದ್ದುದ್ದ ಒರೆಸಿದರೆ ಉಳಿದ ಗೆರೆ ಯಾವ ಕಡೆಯದೆಂದು ಗೊತ್ತಾಗುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಮೂರು ದಿನ ಬೈಸಿಕೊಂಡು ನಾನೇ ಕಲಿತದ್ದು.

ತಿಂಡಿ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಮಾವ ಬಂದರು. ಕೂತರು. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು. ಏನಾದರೂ ಹೇಳಬೇಕೆನ್ನಿಸಿರಬೇಕು, ಬಾಯಿ ಖಾಲಿ ಮಾಡಿಕೊಳ್ಳಲು ಪಕ್ಕಕ್ಕೆ ತಿರುಗಿ ಉಗುಳಿದರು.

ಕಿಟಕಿಯ ಗಾಜು ಏರಿಸಿಯೇ ಇತ್ತು.

ಕೆಂಪು ರಸ ಗಾಜಿನ ಮೇಲಿಂದ ನಿಧಾನವಾಗಿ ಇಳಿಯಿತು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದರು. ಮಾವ ಗಂಭೀರವಾಗಿ ಇಳಿದು, ಜೇಬಿನಿಂದ ಕೀಲಿ ತೆಗೆದು ನನ್ನ ಕೈಗಿಟ್ಟರು. "ಇದನ್ನ ನಾನೇ ಒರೆಸ್ತೀನಿ. ನೀನು ಸೀರೆ ಬದ್ಲಾಯ್ಸ್ಕೊಂಡು ಬಾ, ಹೋಗಿ ಬರೋಣ" ಎಂದರು. ನನಗೆ ಕುಣಿಯುವುದೊಂದು ಬಾಕಿ.

ಕೊಟ್ಟಿಗೆಹಾರ ದಾಟಿ, ತಿರುವುಗಳಲ್ಲೆಲ್ಲ ಹಾರ್ನ್ ಹೊಡೆಯುತ್ತಾ ಓಡಿಸಿದೆ. ಎಡಗಡೆ ಕೂತ ಮಾವ ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಲೇ ಇದ್ದರು.

ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಹಿಂದಿನ ಸೀಟಿಗೆಲ್ಲ ಬಗ್ಗಿ ನೋಡಿ, "ಅಳಿಯಂದ್ರು ಕಾಣಲ್ಲ. ಕಾರು ಯಾರು ತಂದಿದ್ದು ಬೀಗ್ರೇ?" ಎಂದಳು.

"ನಿಮ್ ಮಗಳೇ" ಎಂದರು ಮಾವ.

ಅಮ್ಮ ನನ್ನ ಮುಖ ನೋಡಿದಳು, ಸ್ಟೇರಿಂಗ್ ಮೇಲಿದ್ದ ನನ್ನ ಕೈ ನೋಡಿದಳು. ಕಣ್ಣು ತುಂಬಿಕೊಂಡಿತು.

"ಮಗಾ, ನಾನು ಒಳಗಿದ್ದೆ. ನೀನು ಓಡಿಸ್ಕೊಂಡು ಬಂದಿದ್ದು ನೋಡ್ಲೇ ಇಲ್ಲ. ಗೇಟಿನ ಹತ್ರ ಹೋಗಿ ಇನ್ನೊಂದ್ಸಲ ಬಾ."

ಮಾವ ಇಳಿದು ಅಮ್ಮನ ಪಕ್ಕ ನಿಂತುಕೊಂಡರು. ಆ ದಿನ ನಾನು ಮೂರು ಸಲ ತವರಿಗೆ ಬಂದೆ.