ಅಪ್ಪನ ದವಡೆ ಮುರಿದ ಅಂಗಡಿ ಮಾವ

ಕಳೆದ ವಾರ ಪರದೆ ಬಟ್ಟೆ ಕೊಳ್ಳಲು ಪುರಸೈವಾಕ್ಕಂಗೆ ಹೋಗಿದ್ದೆ. ಅಂಗಡಿಯಿಂದ ಹೊರಬಿದ್ದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬೀದಿಯಂಚಿನಲ್ಲಿ ಒಬ್ಬ ಹೆಂಗಸು ತಳ್ಳುಗಾಡಿಯ ಮೇಲಿದ್ದ ಮಡಕೆಯ ಮುಚ್ಚಳ ತೆಗೆದಳು. ಹುಳಿ ಬಂದ ರಾಗಿ ಅಂಬಲಿ. ಇಲ್ಲಿನ ತಮಿಳರು ಅದನ್ನು ಕೂಳು ಎನ್ನುತ್ತಾರೆ, ಬೇಸಿಗೆಯಲ್ಲಿ ನಿಂತು ಕುಡಿದು ತಂಪಾಗುತ್ತಾರೆ. ಆ ವಾಸನೆ ಮೂಗಿಗೆ ತಾಗಿದ್ದೇ ನನ್ನ ಹಲ್ಲುಗಳು ತಾವಾಗಿ ಕಚ್ಚಿಕೊಂಡವು. ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎಷ್ಟು ವರ್ಷಗಳಾದರೂ ಆ ವಾಸನೆಯ ಹಿಂದೆಯೇ ಅವರು ಬರುತ್ತಾರೆ... ಕತ್ತಿಲ್ಲದ ಹಾಗೆ ಕಾಣುವ ದಪ್ಪ ಆಳು, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕೆಂಪು ಉಳಿಯುತ್ತಿದ್ದ ಕೈಗಳು.

ಅವರನ್ನು ನಾವು ಅಂಗಡಿ ಮಾವ ಎನ್ನುತ್ತಿದ್ದೆವು. ನೆಂಟರೇನೂ ಅಲ್ಲ. ಅದೇ ಪುರಸೈವಾಕ್ಕಂನ ಒಂದು ಸಂದಿಯಲ್ಲಿ ಮಟನ್ ಅಂಗಡಿ ಇಟ್ಟುಕೊಂಡಿದ್ದರು. ಕೋಲಾರದ ಗಣಿಯ ಕಡೆಯವರು. ಅವರ ಬಾಯಲ್ಲಿ ಕನ್ನಡ ಎಲ್ಲಿ ಮುಗಿದು ತಮಿಳು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ನಾವು ಮೈಸೂರಿನವರು. ಅಪ್ಪ ವಿಮಾ ಕಚೇರಿಯಲ್ಲಿ ಅಧಿಕಾರಿ, ಅಮ್ಮ ಶಾಲೆಯಲ್ಲಿ ಟೀಚರ್. ನನಗೆ ಆಗಷ್ಟೇ ಗಿಂಡಿ ಬಡಾವಣೆಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಎರಡು ಮನೆಗಳಿಗೂ ಇದ್ದ ನಂಟು ಭಾನುವಾರದ್ದು ಮಾತ್ರ. ಒಂದು ತಮಿಳು ಚರ್ಚಿನವರು ತಮ್ಮ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದುಗಡೆಯ ಹಾಲ್ ಅನ್ನು ಮಧ್ಯಾಹ್ನಕ್ಕೆ ನಮಗೆ ಬಿಟ್ಟುಕೊಡುತ್ತಿದ್ದರು. ರೈಲ್ವೆಯವರು, ಬ್ಯಾಂಕಿನವರು, ನರ್ಸುಗಳು, ಒಂದಷ್ಟು ಜನ ಕನ್ನಡದ ಕ್ರೈಸ್ತರು ಅಲ್ಲಿ ಸೇರುತ್ತಿದ್ದೆವು. ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎಂದೇ ಕರೆಯಬೇಕು. ಸಹೋದರನನ್ನು ಪ್ರೀತಿಸದವನು ದೇವರನ್ನು ಪ್ರೀತಿಸಲಾರ ಎಂಬುದು ನಮ್ಮ ಪಾಸ್ಟರ್ ಹೆಚ್ಚು ಕಡಿಮೆ ಪ್ರತಿ ವಾರ ತಿರುಗಿ ತಿರುಗಿ ಹೇಳುತ್ತಿದ್ದ ಮಾತು. ನಾವೆಲ್ಲ ತಲೆದೂಗುತ್ತಿದ್ದೆವು.

ಜಗಳ ಹುಟ್ಟಿದ್ದು ಕ್ರಿಸ್‌ಮಸ್ ಹಾಡುಗಳ ವಿಷಯಕ್ಕೆ. ನಮ್ಮ ಮಕ್ಕಳೆಲ್ಲ ಇಲ್ಲಿನ ಶಾಲೆಗಳಲ್ಲಿ ಕಲಿತವರು. ಕನ್ನಡ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಈ ಸಲ ಮಕ್ಕಳು ತಮಿಳಿನಲ್ಲೇ ಹಾಡಲಿ, ಮುಂದೆ ಆರಾಧನೆಯನ್ನೂ ಅರ್ಧ ತಮಿಳಿನಲ್ಲಿ ಮಾಡೋಣ ಎಂದು ಅಂಗಡಿ ಮಾವ ಹಟ ಹಿಡಿದರು. ಅವರಿಗೊಬ್ಬಳು ಪುಟ್ಟ ಮಗಳಿದ್ದಳು. "ನನ್ನ ಮಗೂಗೆ ಅರ್ಥ ಆಗ್ದಿರೋ ಪ್ರಾರ್ಥನೆ ಯಾರಿಗ್ ಸಾರ್?" ಎಂಬುದು ಅವರ ವಾದ. ಅಪ್ಪನಿಗೆ ಇದು ಸಹಿಸಲಾಗಲಿಲ್ಲ. ಪರ ಊರಿನಲ್ಲಿ ವಾರಕ್ಕೊಮ್ಮೆ ನಮ್ಮ ಭಾಷೆಯಲ್ಲಿ ಮೊಣಕಾಲೂರುವ ಒಂದೇ ಒಂದು ಜಾಗ ಅದು, ಅದನ್ನೂ ಬಿಟ್ಟುಕೊಡುವುದೇ ಎಂದು ಕುದಿಯುತ್ತಿದ್ದರು. ವಾರಗಟ್ಟಲೆ ಮಾತು ಬೆಳೆಯಿತು. ಹಾಲ್‌ನ ಎಡಗಡೆ ಒಂದು ಪಂಗಡ, ಬಲಗಡೆ ಒಂದು ಪಂಗಡ ಕೂರುವಷ್ಟು ಬೆಳೆಯಿತು.

ಆ ಭಾನುವಾರ ಪ್ರಭುಭೋಜನವಿತ್ತು. ಎಲ್ಲರೂ ರೊಟ್ಟಿ ಹಂಚಿಕೊಂಡು, ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿದು, ಅದು ಮುಗಿದ ಕೂಡಲೇ ಅಲ್ಲೇ ಸಭೆ ಸೇರಿದೆವು. ಅಪ್ಪ ಎದ್ದು ನಿಂತರು. ಅವರು ಕೂಗಾಡುವವರಲ್ಲ, ಸಿಟ್ಟು ಬಂದಷ್ಟೂ ದನಿ ಮೆತ್ತಗಾಗುತ್ತಿತ್ತು, ತುಟಿಯಲ್ಲಿ ನಗು ಬರುತ್ತಿತ್ತು.

"ಕುರಿ ಕೊಯ್ಯೋರಿಗೆ ಯಾವ ಭಾಷೆ ಆದ್ರೇನು ಬ್ರದರ್?" ಎಂದರು. "ನಿಮ್ಮ ಕನ್ನಡ ಕೇಳೋದಕ್ಕಿಂತ ನಿಮ್ಮ ಕುರಿಗಳ ಅರಚಾಟ ಕೇಳೋದು ವಾಸಿ."

ಯಾರೋ ನಕ್ಕರು. ಆ ನಗೆ ಮುಗಿಯುವ ಮೊದಲೇ ಅಂಗಡಿ ಮಾವ ಎರಡು ಸಾಲು ಕುರ್ಚಿಗಳನ್ನು ಉರುಳಿಸಿಕೊಂಡು ಮುಂದೆ ಬಂದಿದ್ದರು. ಒಂದೇ ಏಟು. ಹಸಿ ಸೌದೆ ಮುರಿದಂಥ ಸದ್ದು. ಅಪ್ಪ ಹಿಂದಕ್ಕೆ ಬಿದ್ದಿದ್ದು ಪ್ರಭುಭೋಜನದ ಮೇಜಿನ ಮೇಲೆ. ಬಟ್ಟಲು ಉರುಳಿತು, ಬಿಳಿ ಬಟ್ಟೆಯ ಮೇಲೆ ದ್ರಾಕ್ಷಾರಸ ಯಾವುದು ಅಪ್ಪನ ರಕ್ತ ಯಾವುದು ತಿಳಿಯದ ಹಾಗೆ ಹರಡಿತು. ಅವರ ಕೆಳದವಡೆ ಒಂದು ಕಡೆಗೆ ಜೋತುಬಿದ್ದಿತ್ತು. ಬಾಯಿಂದ ಹಲ್ಲೊಂದು ಜಾರಿ ಅಂಗಿಯ ಜೇಬಿನ ಮೇಲೆ ಅಂಟಿಕೊಂಡಿತ್ತು. ಆಮೇಲೆ ಅಲ್ಲಿ ಮನುಷ್ಯರಿರಲಿಲ್ಲ. ಎಡಗಡೆಯವರು ಬಲಗಡೆಯವರ ಮೇಲೆ ಬಿದ್ದರು. ಮಡಚುವ ಕುರ್ಚಿಗಳು ತಲೆಗಳ ಮೇಲೆ ಎರಗಿದವು. ಬ್ಯಾಂಕಿನ ಗುಮಾಸ್ತರೊಬ್ಬರು ಒಬ್ಬ ರೈಲ್ವೆ ಗಾರ್ಡ್‌ನ ಕೂದಲು ಹಿಡಿದು ತಲೆಯನ್ನು ಕಿಟಕಿಯ ಸರಳಿಗೆ ಗುದ್ದುತ್ತಿದ್ದರು. ಪಾಸ್ಟರ್ ಎರಡೂ ಕೈಯೆತ್ತಿ ಅಳುತ್ತಿದ್ದರು. ಕೊನೆಗೆ ನಮ್ಮನ್ನು ಬಿಡಿಸಿದ್ದು ಪಕ್ಕದ ಬೀದಿಯ ಆಟೋದವರು. ಅವರು ನಮ್ಮ ಧರ್ಮದವರಲ್ಲ.

ಆಸ್ಪತ್ರೆಯಲ್ಲಿ ಅಪ್ಪನ ಮೇಲಿನ ಹಲ್ಲುಗಳಿಗೂ ಕೆಳಗಿನ ಹಲ್ಲುಗಳಿಗೂ ಸೇರಿಸಿ ತಂತಿ ಬಿಗಿದರು. ಮೂಳೆ ಕೂಡುವ ತನಕ, ವಾರಗಟ್ಟಲೆ, ಬಾಯಿ ತೆರೆಯುವ ಹಾಗಿಲ್ಲ. ನಮ್ಮ ಪಂಗಡದ ಖಜಾಂಚಿ ಪೊಲೀಸರಿಗೆ ದೂರು ಕೊಡಲೇಬೇಕೆಂದು ಓಡಾಡುತ್ತಿದ್ದರು. ಅಷ್ಟರಲ್ಲಿ ಕಾರಿಡಾರಿನ ಆ ತುದಿಯಲ್ಲಿ ಅಂಗಡಿ ಮಾವ ಕಾಣಿಸಿಕೊಂಡರು. ಒಬ್ಬರೇ ಬಂದಿದ್ದರು. ಅಮ್ಮ ಎದ್ದವಳೇ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಳು. ಶಾಲೆಯಲ್ಲಿ ಮಕ್ಕಳಿಗೆ ಒಂದು ಏಟು ಕೊಟ್ಟವಳಲ್ಲ ನನ್ನಮ್ಮ. ಮುಖ, ಕಿವಿ, ಕತ್ತು ಎಂದು ನೋಡದೆ ಹೊಡೆದಳು. ಅವರು ಕೈ ಅಡ್ಡ ತರಲಿಲ್ಲ. ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಚಪ್ಪಲಿಯ ಉಂಗುಷ್ಠ ಕಿತ್ತುಬಂದ ಮೇಲೆ ಅಮ್ಮ ನಿಲ್ಲಿಸಿದಳು.

"ಇನ್ನೂ ಹೊಡೀರಿ ಅಕ್ಕಾ" ಎಂದರು ಅವರು.

"ಹೊಡೆದು ಹೊಡೆದು ನನ್ನ ಕೈಗೇ ನೋವು ಬಂತು. ನಿನ್ನ ಜೈಲಿಗೆ ಕಳಿಸಿದ್ರೆ ಅಲ್ಲಿ ನಿಂಗೆ ಊಟ ಹಾಕ್ತಾರೆ. ಇವರಿಗೆ ಯಾರು ಉಣಿಸ್ತಾರೆ? ವಾರವಾರ ಬ್ರದರ್ ಬ್ರದರ್ ಅಂತೀಯಲ್ಲ, ನಾಳೆಯಿಂದ ಬಾ. ಮುರಿದಿದ್ದು ಯಾವ ಕೈಯೋ ಅದೇ ಕೈಲಿ ಉಣಿಸು."

ಖಜಾಂಚಿ ಏನೋ ಹೇಳಲು ಬಾಯಿ ತೆರೆದರು. ಅಮ್ಮ ಅವರ ಕಡೆ ತಿರುಗಿದಾಗ ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು.

ಹೀಗೆ ಅವರು ನಮ್ಮ ಮನೆಗೆ ಬರತೊಡಗಿದರು. ಬೆಳಗಿನ ವ್ಯಾಪಾರ ಮುಗಿಸಿ, ಮಿಂದು, ತೊಳೆದ ಅಂಗಿ ತೊಟ್ಟು, ಕ್ಯಾರಿಯರ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಒಂದು ಡಬ್ಬಿಯಲ್ಲಿ ಬಟ್ಟೆಯಲ್ಲಿ ಸೋಸಿದ ರಾಗಿ ಅಂಬಲಿ, ಇನ್ನೊಂದರಲ್ಲಿ ಎಲುಬಿನ ಸಾರು. ಸೂಜಿಯಿಲ್ಲದ ದೊಡ್ಡ ಸಿರಿಂಜಿಗೆ ತುಂಬಿ, ಅಪ್ಪನ ಕೆನ್ನೆ ಎಳೆದು, ಹಲ್ಲುಗಳ ಹಿಂದಿನ ಸಂದಿಗೆ ಅದನ್ನು ಬಿಡಬೇಕಿತ್ತು. ಅಪ್ಪ ಅದನ್ನು ಬಾಯಲ್ಲಿ ತುಂಬಿಕೊಂಡು, ತಂತಿಗಳ ನಡುವಿನಿಂದ ಅವರ ಮುಖಕ್ಕೇ ಉಗಿಯುತ್ತಿದ್ದರು. ಕಣ್ಣು, ಮೀಸೆ, ತೊಳೆದ ಅಂಗಿ, ಎಲ್ಲದರ ಮೇಲೂ ಅಂಬಲಿ. ಅವರು ಒರೆಸಿಕೊಂಡು ಮತ್ತೆ ತುಂಬುತ್ತಿದ್ದರು. ಅಪ್ಪ ಮತ್ತೆ ಉಗಿಯುತ್ತಿದ್ದರು. ಒಮ್ಮೆ ಅಪ್ಪ ಬಿಸಿ ಸಾರಿನ ಡಬ್ಬಿಯನ್ನೇ ಅವರ ಎದೆಗೆ ಎಸೆದರು. ಅಂಗಡಿ ಮಾವ ಸಂತರೇನಲ್ಲ. ಎದೆ ಸುಟ್ಟ ಉರಿಯಲ್ಲಿ ಅಪ್ಪನ ಕೊರಳಪಟ್ಟಿ ಹಿಡಿದು ಮಂಚದಿಂದ ಮೇಲೆತ್ತಿದರು.

"ಕುಡಿ ಸಾರ್! ಕುಡೀಲಿಲ್ಲಾಂದ್ರೆ ಇನ್ನೊಂದ್ ಕಡೇನೂ ಮುರ್ದು, ಅದು ಕೂಡೋಗಂಟ ಮತ್ತೆ ನಾನೇ ಬತ್ತೀನಿ!"

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರನ್ನು ಕೊಲ್ಲಬೇಕು ಎನಿಸುತ್ತಿತ್ತು... ನಿಜವಾಗಿಯೂ.

ಅಪ್ಪ ಸೊರಗುತ್ತಾ ಹೋದರು. ಉಗಿದಿದ್ದೇ ಹೆಚ್ಚು, ಹೊಟ್ಟೆಗೆ ಹೋದದ್ದು ಕಡಿಮೆ. ಬರಿ ಹೊಟ್ಟೆಯ ಮೇಲೆ ನೋವಿನ ಮಾತ್ರೆ ಬೇರೆ. ಡಾಕ್ಟರು ಆಸ್ಪತ್ರೆಯಿಂದ ಕಳಿಸುವಾಗಲೇ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ದರು: ವಾಂತಿಯಾದರೆ ಹೊರಗೆ ಬರಲು ದಾರಿಯಿಲ್ಲ, ಉಸಿರುಗಟ್ಟಿಬಿಡುತ್ತದೆ, ಕೂಡಲೇ ತಂತಿ ಕತ್ತರಿಸಬೇಕು, ಕಟ್ಟರ್ ತಲೆದಿಂಬಿನ ಪಕ್ಕದಲ್ಲೇ ಇರಬೇಕು. ಒಂದು ಶನಿವಾರ, ಅಮ್ಮ ಶಾಲೆಯಿಂದ ಬಂದಿರಲಿಲ್ಲ, ಅಂಗಡಿ ಮಾವ ಆಗಷ್ಟೇ ಡಬ್ಬಿ ಬಿಚ್ಚುತ್ತಿದ್ದರು. ಅಪ್ಪ ಇದ್ದಕ್ಕಿದ್ದಂತೆ ಎದ್ದು ಕೂತರು. ಹೊಟ್ಟೆ ಹಿಂಡಿ ಬಂತು. ಕೆನ್ನೆಗಳು ಉಬ್ಬಿದವು, ಮೂಗಿನಿಂದ ಹಳದಿ ನೀರು ಚಿಮ್ಮಿತು. ಮುಖ ಕಪ್ಪಿಟ್ಟು ಕಣ್ಣುಗುಡ್ಡೆ ಹೊರಬರುವಂತಾಯಿತು. ನಾನು ಕಟ್ಟರ್ ತೆಗೆದುಕೊಂಡೆ. ಅಪ್ಪ ಗಾಳಿಗಾಗಿ ಕೈಕಾಲು ಬಡಿಯುತ್ತಿದ್ದ ರಭಸಕ್ಕೆ ಅದು ನನ್ನ ಕೈಯಿಂದ ಹಾರಿ ಮಂಚದ ಕೆಳಗೆ ಬಿತ್ತು.

ಅಂಗಡಿ ಮಾವ ಅಪ್ಪನನ್ನು ನೆಲಕ್ಕೆ ಕೆಡವಿದರು. ಹಾಗೆಂದೇ ಹೇಳಬೇಕು, ಇಳಿಸಲಿಲ್ಲ, ಕೆಡವಿದರು. ಪಕ್ಕಕ್ಕೆ ಹೊರಳಿಸಿ, ಒಂದು ಮೊಣಕಾಲನ್ನು ಭುಜದ ಮೇಲೆ ಒತ್ತಿ ಹಿಡಿದರು. "ಪಾಪಾ, ತಲೆ ಹಿಡಿ! ಅಳ್ಬೇಡ, ತಲೆ ಹಿಡಿ!" ಎಂದು ನನ್ನ ಮೇಲೆ ಅರಚಿದರು. ನಾನು ಕಟ್ಟರ್ ಹುಡುಕಿ ಕೊಟ್ಟು, ಅಪ್ಪನ ತಲೆಯನ್ನು ಎರಡು ಕೈಗಳಲ್ಲಿ ಅದುಮಿ ಹಿಡಿದೆ. ಅವರು ಕಟ್ಟರನ್ನು ಅಪ್ಪನ ತುಟಿಯೊಳಗೆ ತೂರಿಸಿದರು. ಒಂದು ತಂತಿ ತುಂಡಾಯಿತು. ಇನ್ನೊಂದಕ್ಕೆ ಹಾಕುವಾಗ ಕಟ್ಟರ್ ಜಾರಿ ವಸಡು ಸೀಳಿತು. ರಕ್ತದಲ್ಲಿ ತಂತಿಯೇ ಕಾಣುತ್ತಿರಲಿಲ್ಲ, ಬೆರಳಿನಿಂದ ತಡಕಿ ತಡಕಿ ಕತ್ತರಿಸಿದರು. ಕೊನೆಯ ತಂತಿ ಬಿಟ್ಟುಕೊಂಡಾಗ ಎರಡು ಬೆರಳನ್ನು ಗಂಟಲಿನವರೆಗೂ ತೂರಿಸಿ, ಅಲ್ಲಿ ಸಿಕ್ಕಿಕೊಂಡಿದ್ದನ್ನೆಲ್ಲ ಬಾಚಿ ಎಳೆದರು. ಉಸಿರು ಒಳಗೆ ಹೋದ ಮರುಕ್ಷಣ ಅಪ್ಪ, ಮುರಿದ ಅದೇ ದವಡೆಯಿಂದ, ಆ ಬೆರಳುಗಳನ್ನು ಕಚ್ಚಿದರು. ಭಯಕ್ಕೋ, ನೋವಿಗೋ, ಹಗೆಗೋ... ನನಗೆ ಇವತ್ತಿಗೂ ಗೊತ್ತಿಲ್ಲ. ಮೂಳೆಯವರೆಗೂ ಕಚ್ಚಿದರು. ಅಂಗಡಿ ಮಾವ ಕೂಗಲಿಲ್ಲ, ಕೈ ಕಿತ್ತುಕೊಳ್ಳಲೂ ಇಲ್ಲ. ಎಳೆದರೆ ದವಡೆ ಮತ್ತೆ ಕಿತ್ತುಬರುತ್ತದೆಂದು ಹಾಗೇ ಬಿಟ್ಟುಕೊಂಡು ಕೂತರು. ಬೆವರು ಅಪ್ಪನ ಹಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. "ಕಚ್ಚು ಸಾರ್, ಪರವಾಗಿಲ್ಲ. ಉಸುರಾಡು, ಉಸುರಾಡು..." ಎನ್ನುತ್ತಿದ್ದರು. ಅಪ್ಪ ತಾವಾಗಿ ಬಿಡುವ ತನಕ ಹಾಗೇ ಇದ್ದರು. ಆಮೇಲೆ ಇಬ್ಬರೂ ಆ ವಾಂತಿ, ರಕ್ತದ ನಡುವೆ ಗೋಡೆಗೊರಗಿ, ಒಬ್ಬರ ಮುಖ ಒಬ್ಬರು ನೋಡದೆ ಏದುಸಿರು ಬಿಡುತ್ತಾ ಕೂತಿದ್ದರು.

ಆಸ್ಪತ್ರೆಯಲ್ಲಿ ಅಪ್ಪನಿಗೆ ಹೊಸದಾಗಿ ತಂತಿ ಬಿಗಿದರು. ಪಕ್ಕದ ಕೋಣೆಯಲ್ಲಿ ಅಂಗಡಿ ಮಾವನ ಬೆರಳುಗಳಿಗೆ ಹೊಲಿಗೆ ಹಾಕಿದರು. ಮಾರನೆಯ ದಿನ ಅವರು ಎಡಗೈಯಲ್ಲಿ ಕ್ಯಾರಿಯರ್ ಹಿಡಿದು ಬಂದರು. ಅಪ್ಪ ಕುಡಿದರು. ಕಣ್ಣು ಮುಚ್ಚಿಕೊಂಡು, ಔಷಧಿ ಕುಡಿಯುವ ಹಾಗೆ, ಆದರೆ ಪೂರ್ತಿ ಕುಡಿದರು.

ಅವತ್ತು ಅವರನ್ನು ಮೆಟ್ಟಿಲ ತನಕ ಬಿಡಲು ಹೋದಾಗ ನಾನು ತಡೆಯಲಾರದೆ ಕೇಳಿದೆ: "ಮಾವ, ನಿಮಗೆ ಈಗ ಅಪ್ಪ ಅಂದ್ರೆ ಇಷ್ಟನಾ?"

ಅವರು ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿದರು. "ಇಲ್ಲ ಪಾಪಾ. ಸುಳ್ಳ್ ಯಾಕೇಳ್ಲಿ? ನಿಮ್ಮಪ್ಪನ್ನ ಕಂಡ್ರೆ ಈಗ್ಲೂ ಕೈ ಕಡೀತದೆ. ಇಷ್ಟಪಡು ಅಂತ ದೇವ್ರು ಎಲ್ಲವ್ನೆ ಹೇಳಿರೋದು? ಪ್ರೀತಿ ಮಾಡು ಅಂತ ಹೇಳವ್ನೆ. ಇಷ್ಟ ಆಗಿದ್ರೆ ಹೇಳೋದೇ ಬೇಕಿರ್ಲಿಲ್ಲ."

ಆ ಕ್ರಿಸ್‌ಮಸ್‌ಗೆ ಮಕ್ಕಳು ತಮಿಳಿನಲ್ಲೇ ಹಾಡಿದರು. ಬಾಯಿ ಕಟ್ಟಿಸಿಕೊಂಡಿದ್ದ ಅಪ್ಪ ಮುಂದಿನ ಸಾಲಿನಲ್ಲಿ ಕೂತು ಉರಿಗಣ್ಣು ಬಿಡುವುದರ ಹೊರತು ಏನೂ ಮಾಡುವಂತಿರಲಿಲ್ಲ. ತಂತಿ ಬಿಚ್ಚಿದ ಮೇಲಿನ ಮೊದಲ ಭಾನುವಾರ ಅಪ್ಪ ಎಲ್ಲರೆದುರು ಎದ್ದು ನಿಂತು, ತಾವು ಆಡಿದ ಮಾತು ಅಂಗಡಿ ಮಾವನ ಏಟಿಗಿಂತ ಕೆಟ್ಟದ್ದಾಗಿತ್ತು ಎಂದರು. ಅಷ್ಟು ಹೇಳಿ ಕೂತವರೇ, ಸಭೆಯಲ್ಲಿ ಮತ್ತೆ ಕನ್ನಡದ ಪರವಾಗಿ ವಾದ ಶುರುಮಾಡಿದರು. ಅಂಗಡಿ ಮಾವ ಕುರ್ಚಿ ಸರಿಸಿ ಎದ್ದರು. ನಡುವೆ ಕೂತವರು ಪಕ್ಕಕ್ಕೆ ಸರಿದರು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಷ್ಟೇ ಜೋರಾಗಿ ಎದುರುವಾದ ಮಾಡಿದರು. ಮುಂದೆ ವರ್ಷಗಟ್ಟಲೆ ಹೀಗೇ ನಡೆಯಿತು. ಅವರು ಸ್ನೇಹಿತರಾದರು ಎಂದು ನಾನು ಹೇಳಲಾರೆ. ಆದರೆ ಅಂಗಡಿ ಮಾವ ಕಾಮಾಲೆಯಾಗಿ ಮಲಗಿದಾಗ, ಅಪ್ಪ ದಿನವೂ ಕಚೇರಿಯಿಂದ ನೇರ ಅವರ ಮನೆಗೆ ಹೋಗಿ, ಗದರಿಸಿ ಗದರಿಸಿ ಪಥ್ಯದ ಗಂಜಿ ಕುಡಿಸಿ ಬರುತ್ತಿದ್ದರು.

ಅಂಗಡಿ ಮಾವ ಸತ್ತದ್ದು ಮಾಧವರಂ ರಸ್ತೆಯಲ್ಲಿ. ಕುರಿ ಕೊಳ್ಳಲು ಬೈಕಿನಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಲಾರಿ ಮೈಮೇಲೆ ಹತ್ತಿಹೋಯಿತು. ಶವಪೆಟ್ಟಿಗೆಯನ್ನು ಮುಚ್ಚಿಯೇ ತಂದಿದ್ದರು. ಅಪ್ಪನಿಗೆ ಆಗ ನಿವೃತ್ತಿಯಾಗಿ ಕೆಲವು ವರ್ಷವಾಗಿತ್ತು. ಗುಂಡಿಗೆ ಮಣ್ಣು ಹಾಕಿ ತಿರುಗುವಾಗ ನಮ್ಮ ಹಳೆಯ ಖಜಾಂಚಿ ಅಪ್ಪನ ಪಕ್ಕಕ್ಕೆ ಬಂದು, ಕಿವಿಯ ಹತ್ತಿರ, "ನಿಮ್ಮ ಮೇಲೆ ಕೈ ಮಾಡಿದವನ ಗತಿ ನೋಡಿದಿರಾ? ದೇವರು ಮರೆಯೋಲ್ಲ" ಎಂದರು. ಅಪ್ಪ ಅವರ ಕಪಾಳಕ್ಕೆ ಬಾರಿಸಿದರು. ಕನ್ನಡಕ ಹಾರಿ ಮಣ್ಣಿನ ಗುಡ್ಡೆಯ ಮೇಲೆ ಬಿತ್ತು. ಜನ ಹಿಡಿದುಕೊಂಡರು. ಹಿಡಿದವರ ಕೈಗಳಲ್ಲಿ ಕೊಸರಾಡುತ್ತಾ, ಜೀವಮಾನದಲ್ಲಿ ಯಾರ ಕೆನ್ನೆಗೂ ಹೊಡೆಯದಿದ್ದ ಅಪ್ಪ ಕಾಲಿನಿಂದಲೂ ಒದೆಯಲು ನೋಡುತ್ತಿದ್ದರು. "ನನ್ನ ತಮ್ಮ ಕಣೋ ಅವನು! ನನ್ನ ತಮ್ಮ!" ಎಂದು ಸಮಾಧಿಗಳೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಆಮೇಲೆ ಅಲ್ಲೇ ಕೂತುಬಿಟ್ಟರು...

ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಜನ ಕರಗುತ್ತಾ ಬಂದು ಕನ್ನಡದ ಆರಾಧನೆ ನಿಂತುಹೋಯಿತು. ನಾನು ಭಾನುವಾರ ಅದೇ ಹಾಲ್‌ನ ಮುಂಭಾಗದ ದೊಡ್ಡ ಚರ್ಚಿಗೆ ಹೋಗುತ್ತೇನೆ, ಎಲ್ಲ ತಮಿಳಿನಲ್ಲಿ. ಅಂಗಡಿ ಮಾವನ ಮಗಳು ಕೆಲವೊಮ್ಮೆ ತನ್ನ ಮಕ್ಕಳೊಡನೆ ಬರುತ್ತಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಹೇಳುತ್ತಾಳೆ. ಈ ಭಾನುವಾರ ಅವಳು ಬಂದಿರಲಿಲ್ಲ. ಅಲ್ಲಿನ ಪಾಸ್ಟರ್ ಎಂದಿನಂತೆ, ಅಕ್ಕಪಕ್ಕದವರ ಕೈ ಹಿಡಿದು 'ನಿಮಗೆ ಸಮಾಧಾನವಿರಲಿ' ಎಂದು ಹರಸಿರಿ ಎಂದರು. ಬಲಗಡೆಯಾಕೆ ನಗುತ್ತಾ ಬೆರಳ ತುದಿ ಕೊಟ್ಟಳು. ಎಡಗಡೆಯವರು ಫೋನನ್ನು ಇನ್ನೊಂದು ಕೈಗೆ ಬದಲಿಸಿ ನನ್ನ ಕೈ ಮುಟ್ಟಿದರು. ಮುಂದಿನ ಸಾಲಿನವರು, ಹಿಂದಿನ ಸಾಲಿನವರು, ಎಲ್ಲರೂ ಒಳ್ಳೆಯವರು. ಎಲ್ಲರ ಕೈಯೂ ಮೆತ್ತಗಿತ್ತು. ಯಾವ ಕೈಗೂ ತೂಕವಿರಲಿಲ್ಲ.