ಅಜ್ಜಿಗೆ ಎರಚಿದ ಹತ್ತರ ನಾಣ್ಯ

ಚಳ್ಳಕೆರೆಯಂಥ ವ್ಯಾಪಾರದ ಊರಿನಲ್ಲಿ ಒಂದು ಹಿಡಿ ಚಿಲ್ಲರೆ ಸಿಗುವುದಿಲ್ಲ ಎಂದರೆ ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಅಜ್ಜಿ ತೀರಿಕೊಂಡ ಬೆಳಿಗ್ಗೆ ನಂಬಬೇಕಾಯಿತು.

ಅಜ್ಜಿ ಎಂದರೆ ಅವ್ವನ ಅವ್ವ. ಮೊಳಕಾಲ್ಮುರು ಕಡೆಯ ಹಳ್ಳಿಯಲ್ಲಿ ಮರಿಮಕ್ಕಳ ಮದುವೆಯನ್ನೂ ನೋಡಿ ಹೋದ ಜೀವ. ನಮ್ಮ ಕಡೆ ಹಾಗೆ ತುಂಬು ಬಾಳು ಬಾಳಿದವರ ಹೆಣದ ಮುಂದೆ ಮಂಡಕ್ಕಿಯ ಜೊತೆ ಕಾಸು ಎರಚುತ್ತಾರೆ. ಕೂಸಿರುವ ಮನೆಯವರು ಅದನ್ನು ಆಯ್ದು, ತೂತು ಕೊರೆಸಿ, ಕೂಸಿನ ಉಡಿದಾರಕ್ಕೆ ಕಟ್ಟುತ್ತಾರೆ. ಹೋದವರ ಆಯುಸ್ಸು ಕೂಸಿಗೆ ಬರಲಿ ಎಂದು. ಎರಚಿದ ಮನೆಯವರು ಮಾತ್ರ ಅದನ್ನು ಮುಟ್ಟುವಂತಿಲ್ಲ. ನನ್ನ ಸೊಂಟದಲ್ಲೂ ಯಾರೋ ಮುದುಕನ ನಾಲ್ಕಾಣೆ ಇತ್ತಂತೆ. ಅಜ್ಜಿ ಕೊನೆಗಾಲದಲ್ಲಿ ಬೇರೇನೂ ಬೇಡಲಿಲ್ಲ.

"ಬರೀ ಮಂಡಕ್ಕಿ ಎರಚಿ ಕಳಿಸಬ್ಯಾಡ್ರಪ್ಪ. ಕಾಸು ಎರಚ್ರಿ. ನನ್ನ ಆಯುಸ್ಸು ಯಾವ್ದಾದ್ರೂ ಕೂಸಿಗೆ ಹತ್ಲಿ" ಎಂದಿದ್ದಳು.

ಹಾಗಾಗಿ ಸೋದರಮಾವ ಫೋನಿನಲ್ಲಿ ಸುದ್ದಿ ಹೇಳಿದ್ದೇ, ಬರುವಾಗ ಚಿಲ್ಲರೆ ತಾ ಎಂದ. ನಾನು ಕಿರಾಣಿ ಅಂಗಡಿಗೆ ಓಡಿದೆ. ಮೊದಲು ಆ ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೆ ಝಣ್ ಎನ್ನುತ್ತಿತ್ತು. ಈಗ ಅದರ ತುಂಬ ಚಾಕಲೇಟು. ರೂಪಾಯಿ ವಾಪಸ್ ಕೊಡುವ ಬದಲು ಚಾಕಲೇಟು ತುರುಕುವ ಈ ಮಹಾಶಯರು, ನಾನು ಅದೇ ಚಾಕಲೇಟು ಮುಂದಿಟ್ಟು ಸೋಪು ಕೇಳಿದರೆ ಕೊಡುತ್ತಾರೆಯೇ? ಹೋಟೆಲಿನವನು ಗೋಡೆಗೆ ಅಂಟಿಸಿದ ಸ್ಕ್ಯಾನರ್ ತೋರಿಸಿದ. ಬ್ಯಾಂಕಿನಲ್ಲಿ, ನಾಣ್ಯ ಬಂದಿಲ್ಲ, ಮುಂದಿನ ವಾರ ನೋಡಿ ಎಂದರು. ಮುಂದಿನ ವಾರದವರೆಗೆ ಹೆಣ ಕಾಯುತ್ತದೆಯೇನು!

ಕೊನೆಗೆ ಕೈಹಿಡಿದವರು ಬಸ್ ನಿಲ್ದಾಣದ ಹತ್ತಿರ ಪಂಕ್ಚರ್ ಹಾಕುವ ಸಾಹೇಬರು. ವಿಷಯ ಕೇಳಿ, ಹಳೇ ಗ್ರೀಸ್ ಡಬ್ಬಿಯೊಂದನ್ನು ಮುಂದಿಟ್ಟರು. ಒಳಗೆಲ್ಲ ಹತ್ತು ರೂಪಾಯಿ ನಾಣ್ಯ. ಗಿರಾಕಿಗಳು ತಂದು ಅವರ ತಲೆಗೆ ಕಟ್ಟುತ್ತಾರೆ, ಅವರು ಕೊಟ್ಟರೆ ಮಾತ್ರ ಯಾರೂ ಮುಟ್ಟುವುದಿಲ್ಲ. ಅದು ಬಂದ್ ಆಗಿದೆ ಎಂದು ಯಾರೋ ಹಬ್ಬಿಸಿದ ಸುಳ್ಳು. ಆಗಿಲ್ಲ, ಆಗಿಲ್ಲ ಎಂದು ಸರ್ಕಾರ ಹೇಳಿದ್ದನ್ನು ಮಾತ್ರ ಯಾರೂ ನಂಬುವುದಿಲ್ಲ. ನಾನು ನೋಟು ಕೊಟ್ಟು ಡಬ್ಬಿ ಖಾಲಿ ಮಾಡಿದೆ. ಒಂದರ ಬದಲು ಹತ್ತು, ಅಜ್ಜಿಯ ಮರ್ಯಾದೆ ಇನ್ನೂ ಹೆಚ್ಚಿತು ಎಂದು ಬಸ್ಸಿನಲ್ಲಿ ಸಮಾಧಾನವನ್ನೂ ಪಟ್ಟುಕೊಂಡೆ.

ಹೆಣದ ಮುಂದೆ ಮಾವ ಮಂಡಕ್ಕಿ, ನಾಣ್ಯ ಎರಚುತ್ತ ನಡೆದ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕಾದಿದ್ದ ಪಕ್ಕದ ಓಣಿಯ ಸೊಸೆಯೊಬ್ಬಳು ಬಗ್ಗಿ ಒಂದನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಮತ್ತೆ ಮಣ್ಣಿಗೇ ಹಾಕಿದಳು. ನನಗೆ ತಡೆಯಲಾಗಲಿಲ್ಲ, ಯಾಕಮ್ಮ ಎಂದು ಕೇಳಿಯೇಬಿಟ್ಟೆ.

"ಇದು ನಡೆಯಲ್ಲಣ್ಣ."

"ಉಡಿದಾರಕ್ಕೆ ಕಟ್ಟೋಕೆ ತಾನೇ? ಅಂಗಡಿಗೆ ಒಯ್ತೀಯಾ?"

"ಅಂಗಡ್ಯಾಗೆ ನಡೀದಿರೋದು ಕೂಸಿಗೆ ನಡೀತೈತೇನಣ್ಣ?" ಎಂದವಳು ಕೂಸಿನ ತಲೆಗೆ ಸೆರಗು ಹೊದಿಸಿ ಹಿಂದೆ ಸರಿದಳು. ಅವಳನ್ನು ನೋಡಿ ಉಳಿದವರೂ ಬಗ್ಗಲಿಲ್ಲ.

ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ. ಅವಳು ತಾಯಿ, ಖೊಟ್ಟಿ ಎಂದು ನಾಲ್ಕು ಜನ ಹೇಳಿದ್ದನ್ನು ಕೂಸಿಗೆ ಹೇಗೆ ಕಟ್ಟಿಯಾಳು? ಕೈಗೆ ಸಿಗುವ ದುಡ್ಡನ್ನೆಲ್ಲ ತಾತ್ಸಾರ ಮಾಡಿ ಮಾಡಿ ಅವಳ ಮನಸ್ಸಿಗೆ ಈ ಭಯ ಹಾಕಿದ ಚಾಕಲೇಟಿನವನ ಮೇಲೆ, ಹೋಟೆಲಿನವನ ಮೇಲೆ, ಮುಂದಿನ ವಾರದವರ ಮೇಲೆ ಸಿಟ್ಟು. ಅಜ್ಜಿ ಬೇಡಿದ್ದೇ ಒಂದು. ಅದನ್ನೂ ಇವರೆಲ್ಲ ಸೇರಿ ಕಸ ಮಾಡಿಬಿಟ್ಟರಲ್ಲ.

ಮಣ್ಣು ಮಾಡಿ ಬರುವಾಗ ಕೋಳಿಗಳು ಮಂಡಕ್ಕಿ ಹೆಕ್ಕಿ ಮುಗಿಸಿದ್ದವು. ನಾಣ್ಯಗಳು ಮಾತ್ರ ಹಾಗೇ ಬಿದ್ದಿದ್ದವು. ಎತ್ತಿಕೊಳ್ಳೋಣವೆಂದರೆ ನಾವು ಎರಚಿದ ಮನೆಯವರು, ಮುಟ್ಟುವಂತಿಲ್ಲ. ಮೂಲೆಯ ಅಂಗಡಿಯ ಮುಂದೆ ಯಾರೋ ಬೀಡಿ ಕೊಂಡು ಸ್ಕ್ಯಾನರಿಗೆ ಫೋನು ಹಿಡಿದರು. ಹತ್ತು ರೂಪಾಯಿ ಬಂದಿದೆ ಎಂದು ಒಳಗಿನ ಪುಟ್ಟ ಪೆಟ್ಟಿಗೆ ಕೂಗಿ ಹೇಳಿತು. ಕಣ್ಣಿಗೆ ಕಾಣದ ಆ ಹತ್ತು ರೂಪಾಯಿಯನ್ನು ಅಂಗಡಿಯವನು ತಲೆ ಕೂಡ ಎತ್ತದೆ ನಂಬಿದ. ಅಜ್ಜಿಯ ಹತ್ತು ರೂಪಾಯಿ ಅವನ ಮೆಟ್ಟಿಲ ಕೆಳಗೇ ಬಿದ್ದಿತ್ತು.